ಗಂಜಿನ ಮಾಳಿಗೆಯ ಮೇಲಿನ ಬಂದೂಕು

ಅವರು ಮಲಗಿದಲ್ಲೇ ಹೋದರಂತೆ. ಬಾಯಿಗೆ ನೀರು ಬಿಟ್ಟರಂತೆ, ಒಂದು ಗುಟುಕು ಕುಡಿದರಂತೆ, ಮುಗಿಯಿತಂತೆ. ಸುದ್ದಿ ತಂದವನಿಗೆ "ಖರೇ ಹೇಳಲತ್ತಿಯೇನು?" ಎಂದು ಕೇಳಿಬಿಟ್ಟೆ. ಸತ್ತದ್ದರಲ್ಲಿ ಆಶ್ಚರ್ಯವಿರಲಿಲ್ಲ, ವಯಸ್ಸಾಗಿತ್ತು. ಆದರೆ ಆ ಮನುಷ್ಯ ಯಾರಿಗೂ ಒಂದೇಟು ಹಾಕದೆ, ಯಾರಿಂದಲೂ ಒಂದೇಟು ತಿನ್ನದೆ ಸತ್ತರೆಂದರೆ ಬೀದರಿನ ಕಾಳುಕಡಿಯ ಪೇಟೆ ಗಾಂಧಿ ಗಂಜಿನಲ್ಲಿ ಅವರನ್ನು ಕಂಡವರು ಯಾರೂ ನಂಬುವುದಿಲ್ಲ. ಈತ ಜೇಲಿನಲ್ಲಿ ಸಾಯುತ್ತಾನೆ, ಇಲ್ಲವೇ ಯಾರದೋ ಕೊಡಲಿಗೆ ಸಿಕ್ಕು ಸಾಯುತ್ತಾನೆ ಎಂದು ನಾವೆಲ್ಲ ಎಂದೋ ತೀರ್ಮಾನಿಸಿಬಿಟ್ಟಿದ್ದೆವು. ಜೇಲಿನ ಬಾಗಿಲು ಕೂಡ ನೋಡದೆ ಹೋದರು.

ಹೆಸರು ಬರೆಯುವುದಿಲ್ಲ. ಅವರ ಪೈಕಿ ಜನ ಇನ್ನೂ ಗಂಜಿನಲ್ಲಿದ್ದಾರೆ, ಕೆಲವರಿಗೆ ಅವರ ಕೈಯ ಗುಣವೂ ಬಂದಿದೆ, ನನಗೀಗ ಹೊಡೆತ ತಾಳುವ ವಯಸ್ಸಲ್ಲ. ಊರೆಲ್ಲ ಸಾವಕಾರ್ರು ಎನ್ನುತ್ತಿತ್ತು, ನಾನೂ ಹಾಗೇ ಎನ್ನುತ್ತೇನೆ. ಭಾಲ್ಕಿ ತಾಲ್ಲೂಕಿನ ಮೆಹಕರದವರು. ಊರಿನ ಹೊಲ ಬಿಟ್ಟು ಬಂದು ಗಂಜಿನಲ್ಲಿ ಅಡತಿ ಅಂಗಡಿ ಹಾಕಿದ್ದರು. ರೈತರು ಗಾಡಿಯಲ್ಲಿ ತಂದ ತೊಗರಿ, ಕಡಲೆ, ಜೋಳ ಇಳಿಸಿಕೊಂಡು ಮಾರಿಸಿ ಕೊಡುವ ಕೆಲಸ. ಎತ್ತರದ ಆಳು, ಹುರಿಗಟ್ಟಿದ ಮೈ, ಮೀಸೆಯ ಒಂದು ತುದಿ ಯಾವಾಗಲೂ ಹಲ್ಲಿನ ನಡುವೆ. ಮೀಸೆ ಕಡಿಯುವುದು ನಿಂತಿತೆಂದರೆ ಎದುರಿಗಿದ್ದವನು ಹಿಂದೆ ಸರಿಯುವುದು ಒಳ್ಳೆಯದು.

ಒಮ್ಮೆ ಹಮಾಲನೊಬ್ಬ ಚೀಲಕ್ಕೆ ಕೊಕ್ಕೆ ಹಾಕುವಾಗ ಗೋಣಿ ಹರಿದು ಕಾಳು ಚೆಲ್ಲಿದ. ಕಾಳು ನೆಲ ಮುಟ್ಟುವುದರೊಳಗೆ ಇವರ ಅಂಗೈ ಅವನ ಕಿವಿ ಮುಟ್ಟಿತ್ತು. ಮಧ್ಯಾಹ್ನ ಅದೇ ಹಮಾಲನನ್ನು ಪಕ್ಕಕ್ಕೆ ಕೂಡಿಸಿಕೊಂಡು ತಮ್ಮ ತಾಟಿನ ಪುಂಡಿಪಲ್ಯ ಅವನಿಗೆ ಬಡಿಸಿದರು. ಹೊಡೆದರೂ ಉಣ್ಣಿಸುವ ಕೈ ಎಂದು ಗಂಜೆಲ್ಲ ಹೊಗಳಿತು. ನನಗೆ ಇಂಥ ಹೊಗಳಿಕೆ ಕೇಳಿದರೆ ಮೈ ಉರಿಯುತ್ತದೆ. ಕಿವಿ ಗುಂಯ್‌ಗುಡುತ್ತಿರುವವನಿಗೆ ಪುಂಡಿಪಲ್ಯ ರುಚಿಸಿತೋ ಇಲ್ಲವೋ, ಅದನ್ನು ಯಾರೂ ಅವನನ್ನು ಕೇಳಲಿಲ್ಲ.

ಬೀದರ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು ಅದು. ನಾನು ಸರ್ಕಾರಿ ಸಾಲೆಯ ಮಾಸ್ತರ. ಬೀದರಿಗೆ ಅಂಟಿದ ಮೈಲೂರಿನಲ್ಲಿ ಅವರ ಮನೆಗೆ ಗೋಡೆ ಹಚ್ಚಿ ನನ್ನ ಬಾಡಿಗೆ ಮನೆ. ನಿನ್ನೆಯ ತನಕ ಉರ್ದುವಿನಲ್ಲಿ ಲೆಕ್ಕ ಹೇಳಿಕೊಟ್ಟ ನಾನು, ಮೈಸೂರಿನ ಕಡೆಯಿಂದ ಬಂದ ಪುಸ್ತಕದ ಕನ್ನಡವನ್ನು ಮೊದಲು ನಾನೇ ತಿಳಿದುಕೊಂಡು ಆಮೇಲೆ ಮಕ್ಕಳಿಗೆ ತಿಳಿಸಬೇಕಾಗಿತ್ತು. ಸಂಜೆಯ ಹೊತ್ತಿಗೆ ತಲೆ ಕಾದಿರುತ್ತಿತ್ತು. ಗಂಜಿಗೆ ಹೋಗಿ ಅವರ ಅಂಗಡಿಯ ಮಾಳಿಗೆ ಹತ್ತುತ್ತಿದ್ದೆ. ಅಲ್ಲಿ ಅವರು ಛರ್ರೆ ಬಂದೂಕಿನಿಂದ ಗುರಿ ಹೊಡೆಯುತ್ತಿದ್ದರು. ಮದ್ದಿನ ಬಂದೂಕುಗಳನ್ನು ಸರ್ಕಾರ ಆ ಮೊದಲೇ ಕೂಡಿಸಿಕೊಂಡು ಹೋಗಿತ್ತು. ಅವರ ಅಪ್ಪನದೂ ಅದರಲ್ಲಿ ಹೋಗಿತ್ತು. ಉಳಿದದ್ದು ಇದು, ಒಳಗಿನ ಸ್ಪ್ರಿಂಗಿನ ಬಲದಿಂದ ಗಾಳಿ ಒತ್ತಿ ಸೀಸದ ಛರ್ರೆ ಹಾರಿಸುವ ಬಂದೂಕು.

ಅದನ್ನು ಕೊಳ್ಳುವಾಗ ನಾನು ಜೊತೆಗಿದ್ದೆ. ಔರಾದಿನಲ್ಲಿ ಹಳೆಯ ಕಾಲದ ಅಧಿಕಾರಿಯೊಬ್ಬರು ಮನೆ ಖಾಲಿ ಮಾಡಿ ಹೈದರಾಬಾದಿಗೆ ಹೊರಟಿದ್ದರು. ಹೊರಸಿನ ಮೇಲೆ ಮೂರ್ನಾಲ್ಕು ಛರ್ರೆ ಬಂದೂಕು ಹರಡಿಟ್ಟಿದ್ದರು. ಎಲ್ಲಕ್ಕಿಂತ ಚೆಂದದ, ಮಿರಿಮಿರಿ ಮಿಂಚುವ ಒಂದನ್ನು ಎತ್ತಿ ಸಾಹೇಬರು ಹೇಳಿದರು:

"ಇದು ತಗೋರಿ ಸಾವಕಾರ್. ವಿಲಾಯತಿ ಮಾಲು. ಇದರ ಏಟಿಗಿ ನರಿ ಮಲಗ್ತದ."

"ನನಗ ನರಿ ಮಲಗಿಸೋದಿಲ್ಲರಿ ಸಾಹೇಬ್. ಕಡ್ಲಿಕಾಳು ಮಲಗಿಸೋದದ," ಎಂದರು ಇವರು.

ಪ್ರತಿಯೊಂದರ ನಳಿಗೆ ಮಡಚಿ, ಮಡಿಕೆಯ ಕೀಲಿನ ಮೇಲೆ ಹೆಬ್ಬೆರಳಿಟ್ಟು ಅಲುಗಾಡಿಸಿ ನೋಡಿದರು. ಕೀಲು ಸಡಿಲಿದ್ದರೆ ಛರ್ರೆ ಒಂದೊಂದು ಸಲ ಒಂದೊಂದು ಕಡೆಗೆ ಹೋಗುತ್ತದಂತೆ. ಕಿಟಕಿಯ ಬೆಳಕಿಗೆ ಹಿಡಿದು ನಳಿಗೆಯೊಳಗೆ ಇಣುಕಿದರು. ಕಿವಿ ಹಚ್ಚಿ ನಿಧಾನವಾಗಿ ಸ್ಪ್ರಿಂಗು ಎಳೆದು ಒಳಗೆ ಎಲ್ಲಾದರೂ ಕೆರೆಯುತ್ತದೇನೋ ಕೇಳಿದರು. ಕೊನೆಗೆ ಎತ್ತಿಕೊಂಡದ್ದು ಹಿಂದಿನ ಮರ ಸೀಳಿ ತಾಮ್ರದ ತಂತಿ ಸುತ್ತಿಸಿಕೊಂಡಿದ್ದ ಒಂದು ಮುದಿ ಬಂದೂಕನ್ನು. ಸಾಹೇಬರಿಗೆ ಅವಮಾನವಾದಂತೆ ಕಂಡಿತು. ಬಸ್ಸಿನಲ್ಲಿ ಬರುವಾಗ ಸಾವಕಾರ್ರು ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು ಔರಾದಿನಿಂದ ಬೀದರಿನ ತನಕ ಒಂದು ಬೈಗುಳವನ್ನೂ ಆಡಲಿಲ್ಲ.

ಆಮೇಲೆ ಅದನ್ನು ಬಿಚ್ಚಿದರು. ಸ್ಪ್ರಿಂಗಿನ ಒಂದು ಸುತ್ತು ಕತ್ತರಿಸಿ ಹಾಕಿ, ತುದಿ ಕಾಯಿಸಿ ಸಪಾಟು ಮಾಡಿದರು. ನಾನು ಬೆಪ್ಪಾಗಿ ನೋಡಿದೆ. ಬಲ ಕಡಿಮೆ ಮಾಡಿಕೊಳ್ಳುವವರನ್ನು ನಾನು ಕಂಡಿರಲಿಲ್ಲ.

"ಬಿರುಸು ಸ್ಪ್ರಿಂಗು ಜೀಂವ ಹೊಡ್ಯಾವಗ್ರಿ ಮಾಸ್ತರ, ಮೆತ್ತಗಿಂದು ಗುರಿ ಹೊಡ್ಯಾವಗ," ಎಂದರು. "ಬಿರುಸಿದ್ರ ಬಂದೂಕ ಕುಣೀತದ. ಛರ್ರಾ ಹೊರಗ ಬೀಳೋದ್ರಾಗ ಗುರಿ ತಪ್ಪತದ."

ನಳಿಗೆಯ ತುದಿಯ ಗುರಿಮೊಳೆಯನ್ನು ಅರದಿಂದ ಉಜ್ಜಿ ತೆಳ್ಳಗೆ ಮಾಡಿದರು. ಸೀಳಿದ್ದ ಮರ ತೆಗೆದು ಹೊಸ ಮರ ಕೂಡಿಸಿ, ಅದರ ಹಿಂಬದಿಗೆ ತೂತು ಕೊರೆದು ಕರಗಿಸಿದ ಸೀಸ ಹೊಯ್ದರು. ತೂಕ ಬಂದರೆ ಬಂದೂಕು ಕೈಯಲ್ಲಿ ಕದಲುವುದಿಲ್ಲವಂತೆ. ಉಳಿದದ್ದು ಒಂದೇ, ಒಳಗೆ ಗಾಳಿ ಸೋರದಂತೆ ತಡೆಯುವ ತೊಗಲಿನ ಬಿಲ್ಲೆ. ಅದು ಕಾಶಮ್ಮನ ಕೆಲಸ.

ಕಾಶಮ್ಮ ಸಾವಕಾರ್ರ ತಮ್ಮನ ಹೆಂಡತಿ, ವಿಧವೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಮಾಲು ತಂದ ರೈತರಿಗೆ ರೊಟ್ಟಿ ಬಡಿಯುತ್ತಿದ್ದಳು. ಎತ್ತು ಕಟ್ಟಿ ಬಾವಿಯಿಂದ ನೀರೆತ್ತುವ ಹಳೆಯ ತೊಗಲಿನ ಚೀಲವೊಂದನ್ನು ಮೆಹಕರದಿಂದ ತರಿಸಿ, ಅದರಲ್ಲೇ ಬಿಲ್ಲೆ ಕತ್ತರಿಸಿ, ಕುಸುಬಿ ಎಣ್ಣೆಯಲ್ಲಿ ನೆನೆಹಾಕಿ, ತಿರುಪು ಬಿಚ್ಚಿ ತಾನೇ ಕೂಡಿಸುತ್ತಿದ್ದಳು. ನಮ್ಮ ಕಡೆ ತಮ್ಮನ ಹೆಂಡತಿ ಗಂಡನ ಅಣ್ಣನೆದುರು ಸೆರಗು ಹೊದ್ದು ನಿಲ್ಲುತ್ತಾಳೆ, ನೇರ ಮಾತಾಡುವುದಿಲ್ಲ, ಮುಟ್ಟುವ ಮಾತಂತೂ ದೂರ. ನಡುವೆ ಒಬ್ಬರು ಬೇಕು, ಯಾರೂ ಇಲ್ಲದಿದ್ದರೆ ಕಂಬ. ಸಂಜೆ ಆ ಕಂಬದ ಕೆಲಸ ನನ್ನದು.

"ಮಾಸ್ತರ, ರೊಟ್ಟಿ ಆರಲತ್ತಾವ ಅಂತ ಹೇಳ್ರಿ."

"ಬರ್ತೇನಿ ಅಂತ ಹೇಳ್ರಿ ಮಾಸ್ತರ."

ಇಬ್ಬರೂ ಕೈಯಳತೆಯಲ್ಲಿ ಇರುತ್ತಿದ್ದರು. ನಾನು ಹೇಳುವ ಅಗತ್ಯವೂ ಇರುತ್ತಿರಲಿಲ್ಲ, ಸುಮ್ಮನೆ ಕೂತಿದ್ದರೆ ಸಾಕಾಗಿತ್ತು.

ಮೊದಲ ಸಲ ಬಿಲ್ಲೆಗೆ ಎಣ್ಣೆ ಹೆಚ್ಚಾಗಿಬಿಟ್ಟಿತ್ತು. ಒಳಗೆ ಒತ್ತಿದ ಗಾಳಿಯ ಕಾವಿಗೆ ಎಣ್ಣೆ ಹೊತ್ತಿ, ಬಂದೂಕು ಢಂ ಎಂದು ನಿಜವಾದ ಬಂದೂಕಿನ ಹಾಗೆ ಸಿಡಿಯಿತು, ನಳಿಗೆಯಿಂದ ಹೊಗೆ. ಹೈದರಾಬಾದ್ ರಾಜ್ಯ ಮುಳುಗಿದ ಗಲಭೆಯ ದಿನಗಳ ಬಂದೂಕಿನ ಸದ್ದನ್ನು ಗಂಜಿನ ಜನ ಇನ್ನೂ ಮರೆತಿರಲಿಲ್ಲ. ನೋಡನೋಡುತ್ತ ಬಾಗಿಲುಗಳು ಧಡಧಡ ಮುಚ್ಚಿದವು, ತಕ್ಕಡಿ ಹಿಡಿದವರು ಚೀಲಗಳ ಹಿಂದೆ ಅಡಗಿದರು. ಸಾವಕಾರ್ರು ಮಾಳಿಗೆಯ ಅಂಚಿಗೆ ನಿಂತು "ಏನೂ ಆಗಿಲ್ಲ, ಎಣ್ಣಿ ಹೆಚ್ಚಾಗ್ಯಾದ!" ಎಂದು ಕೂಗಿದ್ದು ಯಾರಿಗೆ ತಿಳಿಯಬೇಕು? ಇನ್ನೊಮ್ಮೆ ಗುರಿಯ ಹಿಂದೆ ಹೊಟ್ಟಿನ ಚೀಲದ ಬದಲು ತೊಗರಿಬೇಳೆಯ ಚೀಲವನ್ನೇ ನಿಲ್ಲಿಸಿ ಹೊಡೆದಿದ್ದರು. ಆ ಬೇಳೆ ಕೊಂಡವನ ಹಲ್ಲು ಸೀಸಕ್ಕೆ ಸಿಕ್ಕು ಮುರಿಯಿತು. ಮುರಿದ ಹಲ್ಲು ಅಂಗೈಯಲ್ಲಿಟ್ಟುಕೊಂಡು ಜಗಳಕ್ಕೆ ಬಂದವನ ಇನ್ನೊಂದು ಹಲ್ಲನ್ನೂ ಅಲುಗಾಡಿಸಿ ಕಳಿಸಿದರು ನಮ್ಮ ಸಾವಕಾರ್ರು.

ಇಂಥ ಕೈಯವರು ಬಂದೂಕನ್ನು ಮಾತ್ರ ಬಿಗಿಯಾಗಿ ಹಿಡಿಯುತ್ತಿರಲಿಲ್ಲ. ಎಡ ಅಂಗೈ ಚಾಚಿ ಅದರ ಮೇಲೆ ಸುಮ್ಮನೆ ಇಟ್ಟುಕೊಳ್ಳುತ್ತಿದ್ದರು.

"ಹಿಡೀಬ್ಯಾಡ್ರಿ ಮಾಸ್ತರ, ಇಟ್ಕೋರಿ. ಹಿಡದ್ರ ಅದಕ್ಕ ಸಿಟ್ಟು ಬರ್ತದ."

ಒದ್ದೆ ಮಣ್ಣಿನ ಹಲಗೆಗೆ ಒತ್ತಿಟ್ಟ ಕಡಲೆಕಾಳು ಮಾಳಿಗೆಯ ಈ ತುದಿಯಿಂದ ನನಗೆ ಕಾಣುತ್ತಲೂ ಇರಲಿಲ್ಲ. ಅವರು ಒಂದರ ಹಿಂದೊಂದು ಪುಡಿ ಮಾಡುತ್ತಿದ್ದರು. ಆ ಹೊತ್ತಿನಲ್ಲಿ ಮೀಸೆ ಹಲ್ಲಿನಿಂದ ಬಿಟ್ಟುಹೋಗಿ ಮುಖ ಎಷ್ಟು ಸಮಾಧಾನವಾಗಿರುತ್ತಿತ್ತೆಂದರೆ, ಅದನ್ನು ನೋಡುವುದಕ್ಕೆಂದೇ ನಾನು ಹೋಗುತ್ತಿದ್ದೆ. ನನಗೆ ಆ ಮನುಷ್ಯ ಬೇಕಾಗಿದ್ದರು. ಈಗಲೂ ಬೇಕು.

ಅವರ ತಮ್ಮ ಸತ್ತದ್ದು ಹೇಗೆಂದು ಗಂಜಿಗೆಲ್ಲ ಗೊತ್ತಿತ್ತು. ಮೆಹಕರದಲ್ಲಿ ಹೊಲದ ಬದುವಿನ ಜಗಳ. ಎದುರಾಳಿ ಅವರ ಕಾಕನ ಮಗ ಧೂಳಪ್ಪ. ಮಾತು ಕೈಗೆ ಹತ್ತಿ, ಧೂಳಪ್ಪ ಬೀಸಿದ ಕೊಡಲಿಯ ಹಿಂಬದಿ ತಮ್ಮನ ಮುಖಕ್ಕೆ ಬಿತ್ತು. ಎರಡೂ ಕಣ್ಣು ಹೋದವು, ಜೀವ ಕೂಡಲೇ ಹೋಗಲಿಲ್ಲ. ಕೆಲವು ದಿನ ಹೆಂಡತಿಯ ಮುಖವನ್ನು ಕೈಯಿಂದ ತಡವುತ್ತ, ದೀಪ ಹಚ್ಚು ಎನ್ನುತ್ತ ಬಿದ್ದಿದ್ದು ಸತ್ತ. ಆಮೇಲೆ ಸಾವಕಾರ್ರು ಕಾಶಮ್ಮನನ್ನು ಕರೆದುಕೊಂಡು ಊರು ಬಿಟ್ಟರು. ಧೂಳಪ್ಪನಿಗೆ ಶಿಕ್ಷೆಯಾಯಿತು. ಅವನು ಒಳಗೆ ಹೋದದ್ದು ಹೈದರಾಬಾದ್ ರಾಜ್ಯದ ಜೇಲಿಗೆ, ಹೊರಗೆ ಬಂದದ್ದು ಮೈಸೂರು ರಾಜ್ಯಕ್ಕೆ.

ಅವನು ಬಿಡುಗಡೆಯಾದ ಸುದ್ದಿ ಬಂದ ದಿನ ಸಾವಕಾರ್ರು ಯಾರಿಗೂ ಹೊಡೆಯಲಿಲ್ಲ. ಎಲ್ಲರೂ ಬದುಕಿದೆವು ಎಂದುಕೊಂಡರು. ನಾನು ಸಂಜೆ ಮಾಳಿಗೆ ಹತ್ತಿದಾಗ ಅವರು ಬಂದೂಕು ಬಿಚ್ಚಿಕೊಂಡು ಕೂತಿದ್ದರು. ಮೆತ್ತಗಿನ ಹಳೆಯ ಸ್ಪ್ರಿಂಗು ಪಕ್ಕಕ್ಕೆ ಬಿದ್ದಿತ್ತು. ಕೈಯಲ್ಲಿ ಹೊಸದು, ಲಾರಿ ರಿಪೇರಿಯವನಿಂದ ದಪ್ಪ ತಂತಿಯಲ್ಲಿ ಸುತ್ತಿಸಿ ತಂದದ್ದು. ಅದನ್ನು ಒಳಗೆ ತುರುಕಲು ಅವರಂಥವರೂ ಮೊಣಕಾಲು ಊರಬೇಕಾಯಿತು. ಯಾವ ಸ್ಪ್ರಿಂಗು ಯಾವುದಕ್ಕೆಂದು ಅವರೇ ನನಗೆ ಕಲಿಸಿದ್ದರು.

"ಯಾರಿಗ್ರಿ ಇದು?" ಎಂದೆ.

"ಅವಂದು ಜೀಂವ ಬ್ಯಾಡ ನನಗ. ಕಣ್ಣು ಬೇಕು, ಎರಡೂ. ದೀಪಾ ಹಚ್ಚು ದೀಪಾ ಹಚ್ಚು ಅನಕೊಂತ ಮುದುಕ ಆಗ್ಲಿ."

"ಸಾವಕಾರ್ರ, ನೀವು ಜೇಲಿಗಿ ಹೋಗ್ತೀರಿ. ಕಾಶಮ್ಮಗ ಯಾರದಾರ? ಆಕಿನ್ನ ಬೀದ್ಯಾಗ..."

ಮಾತು ಮುಗಿಯಲಿಲ್ಲ. ಅವರು ನನಗೆ ಹೊಡೆದದ್ದು ಅದೊಂದೇ ಸಲ, ಆದರೆ ಹೊಡೆದದ್ದು ಸರಿಯಾಗಿಯೇ ಹೊಡೆದರು. ಬಾಯಲ್ಲಿ ರಕ್ತದ ರುಚಿ ಬಂತು. ಸಿಟ್ಟು ನನಗೂ ಬರುತ್ತದೆ. ಮರುದಿನದಿಂದ ಗಂಜಿಗೆ ಹೋಗುವುದನ್ನೇ ಬಿಟ್ಟೆ.

ಕಾಶಮ್ಮ ನನ್ನ ಮನೆಗೇ ಬಂದಳು. ನನ್ನ ಹೆಂಡತಿಯ ಪಕ್ಕ ಕೂತು, ನನ್ನ ಊದಿದ ಗಲ್ಲ ನೋಡಿ, ಕಣ್ಣೊರೆಸಿಕೊಳ್ಳದೆ ಹೇಳಿದಳು:

"ನಾ ಅವರಿಗಿ ಹೇಳಂಗಿಲ್ಲ, ನಿಮಗ ಗೊತ್ತದ. ನೀವೇ ಹೇಳ್ರಿ ಮಾಸ್ತರ. ಕಣ್ಣು ಹೋದವರ ಸಂಕಟ ನಾ ನೋಡೀನಿ, ಮತ್ತೊಮ್ಮಿ ನೋಡಂಗಿಲ್ಲ. ತವರಮನ್ಯಾಗ ಯಾರೂ ಉಳದಿಲ್ಲ. ಇವರೂ ಜೇಲಿಗಿ ಹೋದ್ರ ನಾ ಯಾರ ಬಾಗಿಲಾಗ ನಿಂದ್ರಲಿ?"

ಗಲ್ಲ ಹಿಡಿದುಕೊಂಡೇ ಹೋಗಿ ಹೇಳಿದೆ, ಅವಳನ್ನು ಬಾಗಿಲ ಮರೆಯಲ್ಲಿ ನಿಲ್ಲಿಸಿಯೇ ಹೇಳಿದೆ. ಸಾವಕಾರ್ರು ತಲೆ ಎತ್ತಲಿಲ್ಲ.

"ರೊಟ್ಟಿ ಮಾಡ್ಕೊಂತ ಇರು ಅಂತ ಹೇಳ್ರಿ."

ಅವರು ಮೆಹಕರಕ್ಕೆ ಹುಡುಕಿಕೊಂಡು ಹೋಗಲಿಲ್ಲ. ಹೋಗುವ ಅಗತ್ಯವಿರಲಿಲ್ಲ. ಗಂಜಿನಲ್ಲಿ ಒಂದು ಊರಿನ ಮಾಲು ಒಂದು ಅಡತಿಗೆ ಎಂದು ಕಟ್ಟಿರುತ್ತದೆ. ಮೆಹಕರದ ಗಾಡಿಯನ್ನು ಸಾವಕಾರ್ರನ್ನು ಬಿಟ್ಟು ಬೇರೆ ಯಾರೂ ಇಳಿಸಿಕೊಳ್ಳುವುದಿಲ್ಲ. ಇಳಿಸಿಕೊಳ್ಳುವ ಧೈರ್ಯವೂ ಯಾರಿಗೂ ಇರಲಿಲ್ಲ. ಸುಗ್ಗಿ ಮುಗಿದರೆ ಧೂಳಪ್ಪ ತೊಗರಿ ಹೇರಿಕೊಂಡು ಆ ಮಾಳಿಗೆಯ ಕೆಳಗೇ ಬಂದು ನಿಲ್ಲಬೇಕು. ಅದನ್ನು ಅವರು ಲೆಕ್ಕ ಹಾಕಿ ಕೂತಿದ್ದರು. ಅಷ್ಟು ದಿನ ಬಿರುಸು ಸ್ಪ್ರಿಂಗಿನ ಕುಣಿತವನ್ನು ತೋಳಿಗೆ ಪಳಗಿಸಿಕೊಂಡರು. ಕಡಲೆಕಾಳು ಬಿಟ್ಟು ತಗಡಿನ ಡಬ್ಬಿಗೆ ಹೊಡೆದರು, ಛರ್ರೆ ಡಬ್ಬಿಯನ್ನು ತೂರಿ ಆಚೆ ಹೋಗುತ್ತಿತ್ತು.

ನಾನು ಮತ್ತೆ ಗಂಜಿಗೆ ಹೋಗತೊಡಗಿದ್ದೆ. ಅದೊಂದು ಬೆಳಿಗ್ಗೆ, ಸಾಲೆಗೆ ರಜೆ, ನಾನು ಅಂಗಡಿಯಲ್ಲಿದ್ದೆ. ಬಿರುಸು ಸ್ಪ್ರಿಂಗಿನ ಹೊಡೆತಕ್ಕೆ ತೊಗಲಿನ ಬಿಲ್ಲೆ ಹರಿದಿತ್ತು. ಸಾವಕಾರ್ರು ಬಂದೂಕನ್ನು ಕಾಶಮ್ಮನ ಕೋಣೆಯ ಹೊಸ್ತಿಲ ಮೇಲಿಟ್ಟು "ಹೊಸಾದು ಹಾಕು ಅಂತ ಹೇಳ್ರಿ" ಎಂದರು. ಅವಳು ಒಳಗೆ ಒಯ್ದಳು. ತಿರುಪು ಬಿಚ್ಚುವ ಸದ್ದು ಕೇಳುತ್ತಿತ್ತು. ಅಷ್ಟರಲ್ಲಿ ಹೊರಗಿನಿಂದ ಹಮಾಲನೊಬ್ಬ ಓಡಿಬಂದು ಏದುಸಿರಿನಲ್ಲಿ ಹೇಳಿದ:

"ಸಾವಕಾರ್ರ, ಧೂಳಪ್ಪನ ಗಾಡಿ ಬಂದದ್ರಿ. ಯಾರೂ ಇಳಿಸ್ಕೊಳವಲ್ರು, ಈ ಕಡಿನೇ ಬರಲತ್ತದ."

ಮೀಸೆ ಕಡಿಯುವುದು ನಿಂತಿತು. ಒಳಗಿನ ಸದ್ದೂ ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು. ಕಾಶಮ್ಮ ಬಂದೂಕನ್ನು ಹೊಸ್ತಿಲ ಮೇಲಿಟ್ಟಳು, ಸೆರಗಿನೊಳಗಿಂದ "ಹಾಕೀನಿ ಅಂತ ಹೇಳ್ರಿ ಮಾಸ್ತರ" ಎಂದಳು. ಸಾವಕಾರ್ರು ಅದನ್ನು ಕಸಿದುಕೊಂಡು ಮಾಳಿಗೆಗೆ ಹಾರಿದರು. ನಾನು ಅವರ ದೋತರದ ಚುಂಗು ಹಿಡಿದೆ, ಅದು ಕೈಗೆ ಹರಿದು ಬಂತು, ಅವರು ಬರಲಿಲ್ಲ.

ಹಿಂದೆಯೇ ಮಾಳಿಗೆ ಹತ್ತಿದೆ, ಮೇಲಿನಿಂದ ಕಂಡೆ. ಗಾಡಿ ಬಂದು ನಿಂತಿತು. ಗಂಜಿನ ಆ ಬೀದಿಯಲ್ಲಿ ಜನ ಗೋಡೆಗೆ ಹತ್ತಿ ನಿಂತರು, ಕೈಗಾಡಿಯವರು ಗಾಡಿ ಬಿಟ್ಟು ಸರಿದರು. ಧೂಳಪ್ಪ ಕೆಳಗಿಳಿದ. ತಲೆ ನೆರೆತಿತ್ತು, ಜೇಲು ಅವನನ್ನು ಒಣಗಿಸಿತ್ತು. ಮುಖವನ್ನು ಪೂರ್ತಿ ಮೇಲೆತ್ತಿ ಮಾಳಿಗೆ ನೋಡಿದ.

"ಅಣ್ಣಾ, ಮಾಲು ಇಳಿಸ್ಕೋತಿರೋ, ಇಲ್ಲಾ ಹೊಡಿತಿರೋ, ಜಲ್ದಿ ಮಾಡ್ರಿ. ಎತ್ತಿಗಿ ನೀರು ಕುಡಿಸೋದದ."

ಆ ಅಂತರಕ್ಕೆ ಸಾವಕಾರ್ರು ಕಾಳು ತಪ್ಪಿಸಿದವರಲ್ಲ. ಧೂಳಪ್ಪನ ಕಣ್ಣು ಕಾಳಿಗಿಂತ ದೊಡ್ಡದು. ನಾನು ನನ್ನ ಕಣ್ಣು ಮುಚ್ಚಿಕೊಂಡೆ.

ಠಣ್ ಎಂದಿತು, ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು. ಕೂಗು ಕೇಳಲಿಲ್ಲ. ಕಣ್ಣು ಬಿಟ್ಟೆ. ಧೂಳಪ್ಪ ಹಾಗೇ ಮುಖವೆತ್ತಿ ನಿಂತಿದ್ದ. ಛರ್ರೆ ನಳಿಗೆ ಬಿಟ್ಟು ಹೊರಗೇ ಬಂದಿರಲಿಲ್ಲ. ಸಾವಕಾರ್ರು ಬಂದೂಕನ್ನೊಮ್ಮೆ ನೋಡಿದರು. ಅದನ್ನು ತಿರುಗಿಸಿ ನಳಿಗೆಯ ಕಡೆಯಿಂದ ಹಿಡಿದು, ಮೆಟ್ಟಿಲು ಇಳಿಯದೆ ಚೀಲಗಳ ರಾಶಿಯ ಮೇಲೆ ಧುಮುಕಿ ಬೀದಿಗೆ ಬಿದ್ದರು.

ಮೊದಲ ಏಟು ಧೂಳಪ್ಪನ ಹೆಗಲಿಗೆ, ಎರಡನೆಯದು ತಲೆಗೆ. ಸೀಸ ತುಂಬಿದ ಮರ ಅದು. ಧೂಳಪ್ಪ ಕೈ ಅಡ್ಡ ತರಲಿಲ್ಲ, ಗಾಡಿಯ ಗಾಲಿಗೆ ಒರಗಿ ಕುಸಿದ, ಹಣೆಯಿಂದ ರಕ್ತ ಇಳಿದು ಕಣ್ಣು ತುಂಬಿತು. ಹಮಾಲರು ಕೊಕ್ಕೆ ಹಿಡಿದೇ ನಿಂತು ನೋಡಿದರು. ಒಬ್ಬನೂ ನಡುವೆ ಬರಲಿಲ್ಲ. ಮೂರನೆಯ ಏಟು ಎತ್ತಿದಾಗ ಕಾಶಮ್ಮ ಒಳಗಿನಿಂದ ಓಡಿಬಂದು ಧೂಳಪ್ಪನ ಮೇಲೆ ಬಾಗಿ ಬಲಗೈ ಎತ್ತಿದಳು. ಹಸಿ ಟೊಂಗೆ ಮುರಿದಂತೆ ಸದ್ದಾಯಿತು. ಮುಷ್ಟಿ ಬಿಚ್ಚಿ, ಎಣ್ಣೆಯಲ್ಲಿ ನೆನೆದ ತೊಗಲಿನ ಬಿಲ್ಲೆ ಮಣ್ಣಿನಲ್ಲಿ ಬಿತ್ತು. ಅದನ್ನು ಹಾಕದೆಯೇ ತಿರುಪು ಬಿಗಿದು ಕೊಟ್ಟಿದ್ದಳು.

ಸಾವಕಾರ್ರು ಬಿಲ್ಲೆ ನೋಡಿದರು, ಜೋತುಬಿದ್ದ ಕೈ ನೋಡಿದರು. ಬಂದೂಕು ಕೈಯಿಂದ ಜಾರಿತು. ಆ ಹೊತ್ತು ಅವರ ಮೇಲೆ ನನಗಿದ್ದ ಹೇಸಿಕೆ ಇಂದಿಗೂ ಪೂರ್ತಿ ಹೋಗಿಲ್ಲ, ಅವರು ಸತ್ತರೂ ಹೋಗಿಲ್ಲ.

ಎಲುಬು ಕೂಡಿಸುವ ಮುದುಕ ಇದ್ದದ್ದು ಭಾಲ್ಕಿಯ ದಾರಿಯ ಒಂದು ಹಳ್ಳಿಯಲ್ಲಿ. ಹೂಡಿ ನಿಂತಿದ್ದ ಗಾಡಿ ಅದೊಂದೇ. ಧೂಳಪ್ಪ ರುಮಾಲಿನಿಂದ ಹಣೆ ಕಟ್ಟಿಕೊಂಡು ಎದ್ದು, ಯಾರೂ ಹೇಳದೆ ಹಗ್ಗ ಹಿಡಿದ. ತೊಗರಿ ಚೀಲಗಳ ಮೇಲೆ ಕಾಶಮ್ಮನನ್ನು ಮಲಗಿಸಿ ನಾನು ಅವಳ ಕೈ ಹಿಡಿದು ಕೂತೆ. ಸಾವಕಾರ್ರು ಗಾಡಿಯ ಹಿಂದೆ ನಡೆದುಕೊಂಡೇ ಬಂದರು. ಗಾಲಿ ಕಲ್ಲು ಹತ್ತಿದಾಗಲೆಲ್ಲ ಅವಳು ನರಳುತ್ತಿದ್ದಳು. ಮುಂದೆ ಒಬ್ಬ, ಹಿಂದೆ ಒಬ್ಬರು ತಲೆ ತಗ್ಗಿಸುತ್ತಿದ್ದರು.

ಮುದುಕ ಕೈ ತಡವಿ ನೋಡಿ, ಎಳೆದು ಕೂಡಿಸಬೇಕು, ಇಬ್ಬರು ಬಲವಾಗಿ ಅದುಮಿ ಹಿಡಿಯಬೇಕು ಎಂದ. ನಾನು ಮುಂದಾದೆ. ನನ್ನ ಸಣಕಲು ತೋಳು ನೋಡಿ "ನೀವು ಹೊರಗ ನಡೀರಿ" ಎಂದುಬಿಟ್ಟ. ನಾನು ಹೊರಗಿನಿಂದ ಕಿಟಕಿಗೆ ಬಂದು ನಿಂತೆ, ಧೂಳಪ್ಪ ಬಾಗಿಲಲ್ಲೇ ನಿಂತ. ಸಾವಕಾರ್ರು ಮೊದಲ ಸಲ ಬಾಯಿ ಬಿಟ್ಟು "ನಾ ಮುಟ್ಟಂಗಿಲ್ಲರಿ, ತಮ್ಮನ ಹೇಣ್ತಿ" ಎಂದರು. ಮುದುಕನಿಗೆ ರೇಗಿತು.

"ಇವರಿಬ್ಬರು ನಿನಗೇನಾಗ್ಬೇಕವ್ವಾ? ಮೈ ಮುಟ್ಟೋ ಅಷ್ಟು ಯಾರೂ ಇಲ್ಲೇನು ನಿನಗ?"

ಕಾಶಮ್ಮ ಹಲ್ಲು ಕಚ್ಚಿಕೊಂಡು, ಸೆರಗು ಸರಿದ ಮುಖದಿಂದ, ಇಬ್ಬರನ್ನೂ ನೋಡಿದಳು.

"ಅವ ನನ್ನ ಗಂಡನ್ನ ಕೊಂದಾನ. ಇವರು ನನ್ನ ಕೈ ಮುರದಾರ. ಇಬ್ಬರೂ ನಮ್ಮ ಮನಿಯವರೇ ಆಗ್ಬೇಕ್ರಿ. ಹಿಡೀಲಿ."

ಸಾವಕಾರ್ರು ಹೆಗಲು ಹಿಡಿದರು, ಧೂಳಪ್ಪ ಕಾಲು ಹಿಡಿದ. ಮುದುಕ ಎಳೆದ. ಅವಳ ಕೂಗಿಗೆ ಹೊರಗೆ ಕಟ್ಟಿದ್ದ ಎತ್ತುಗಳು ಬೆದರಿ ಹಗ್ಗ ಹರಿದುಕೊಂಡು ಓಡಿದವು. ಒಳಗೆ ಇಬ್ಬರೂ ಅಳುತ್ತಿದ್ದರು, ಹಿಡಿದದ್ದನ್ನು ಮಾತ್ರ ಬಿಡಲಿಲ್ಲ.